ಜೀವಕೋಶದ ಒಳಗೇನಿದೆ, ಅಳತೆ ಎಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು ಮಕ್ಕಳು, ಪಿಯು ವಿದ್ಯಾರ್ಥಿಗಳು, ಮನೆಯಲ್ಲಿ ಅವರಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೋಶದ ಬಗ್ಗೆ ಇರುವ ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಪುಸ್ತಕದ ಚಿತ್ರಗಳಿಂದ. ಗಿಡದ ಕೋಶ, ಪ್ರಾಣಿ ಕೋಶ, ಬ್ಯಾಕ್ಟೀರಿಯಾ ಮೂರನ್ನೂ ಒಂದೇ ಪುಟದಲ್ಲಿ ಒಂದೇ ಗಾತ್ರಕ್ಕೆ ಬರೆದಿರುತ್ತಾರೆ. ಭಾಗಗಳ ಹೆಸರು ಬಾಯಿಪಾಠ ಆಗುತ್ತದೆ, ಅಳತೆ ಮಾತ್ರ ತಲೆಗೆ ಹೋಗುವುದೇ ಇಲ್ಲ. ಅದಕ್ಕೇ ಇಲ್ಲಿ ಅಳತೆಗೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಜೀವಕೋಶ ಬರಿಗಣ್ಣಿಗೆ ಕಾಣುತ್ತಾ, ಇಲ್ವಾ?

ಬಹುಪಾಲು ಕಾಣುವುದಿಲ್ಲ. ನಮ್ಮ ಕಣ್ಣಿಗೆ 0.1 ಮಿಲಿಮೀಟರ್ ಆಸುಪಾಸಿನ ಚುಕ್ಕೆ ಕಷ್ಟಪಟ್ಟರೆ ಕಂಡೀತು. ಪ್ರಾಣಿಗಳ ಕೋಶ ಸಾಮಾನ್ಯವಾಗಿ 0.01ರಿಂದ 0.03 ಮಿಲಿಮೀಟರ್. ಗಿಡದ ಕೋಶ ಅದಕ್ಕಿಂತ ದೊಡ್ಡದು, ಆದರೂ ಹೆಚ್ಚಿನವು 0.1 ಮಿಲಿಮೀಟರಿನ ಒಳಗೇ ಇರುತ್ತವೆ.

ಆದರೆ ಗಡಿ ದಾಟಿದವೂ ಇವೆ. ಮನುಷ್ಯರ ಅಂಡಾಣು ಸುಮಾರು 0.1 ಮಿಲಿಮೀಟರ್, ಅಂದರೆ ಸರಿಯಾಗಿ ಅಂಚಿನ ಮೇಲೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ಹತ್ತಿ. ಹಾವೇರಿ, ಧಾರವಾಡದ ಕಡೆ ಹೊಲದಲ್ಲಿ ಬಿರಿದ ಹತ್ತಿ ಕಾಯಿಯಿಂದ ಒಂದೇ ಒಂದು ಎಳೆಯನ್ನು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿದು ನೋಡಿ. ಬೀಜದ ಸಿಪ್ಪೆಯ ಮೇಲಿನ ಒಂದೇ ಕೋಶ ಉದ್ದಕ್ಕೆ ಬೆಳೆದು ಆ ಎಳೆ ಆಗಿರುತ್ತದೆ. ಉದ್ದ ಎರಡೂವರೆಯಿಂದ ಮೂರು ಸೆಂಟಿಮೀಟರ್, ದಪ್ಪ ಮಾತ್ರ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಕಾಯಿ ಬಿರಿಯುವ ಹೊತ್ತಿಗೆ ಕೋಶ ಸತ್ತಿರುತ್ತದೆ. ಉಳಿಯುವುದು ಅದರ ಗೋಡೆ, ಅಂದರೆ ಸೆಲ್ಯುಲೋಸ್. ನಾವು ಹಾಕಿಕೊಳ್ಳುವ ಹತ್ತಿ ಬಟ್ಟೆ ಪೂರ್ತಿ ಕೋಶಭಿತ್ತಿಯೇ.

ಕಿತ್ತಳೆ ತೊಳೆಯೊಳಗಿನ ರಸದ ಚೀಲ ಒಂದು ಕೋಶ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಒಂದೊಂದು ಚೀಲದಲ್ಲೂ ಬೇಕಾದಷ್ಟು ಕೋಶಗಳಿರುತ್ತವೆ.

ಮೈಕ್ರಾನ್ ಅಂದ್ರೆ ಎಷ್ಟು ಅಂತ ಗೊತ್ತು. ಆದ್ರೂ ಕಣ್ಣಿಗೆ ಕಟ್ಟಲ್ಲ. ಏನು ಮಾಡೋದು?

ಮೈಕ್ರಾನ್ ಅಥವಾ ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಸುಲಭದ ಉಪಾಯ ಒಂದಿದೆ. ಎಲ್ಲವನ್ನೂ ಸಾವಿರ ಪಟ್ಟು ಹಿಗ್ಗಿಸಿ. ಆಗ ಪ್ರತಿ ಮೈಕ್ರಾನೂ ಒಂದು ಮಿಲಿಮೀಟರ್ ಆಗುತ್ತದೆ.

ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ 2 ಮೈಕ್ರಾನ್ ಉದ್ದ. ಅದು ಸಾಸಿವೆ ಕಾಳಿನಷ್ಟಾಯಿತು. ಕೆಂಪು ರಕ್ತಕಣ 7ರಿಂದ 8 ಮೈಕ್ರಾನ್. ಅದು ಕಡಲೆಕಾಳಿನಷ್ಟು ಅಗಲ. ಕೆನ್ನೆಯ ಒಳಗಿಂದ ಕೆರೆದ ಕೋಶ 50-60 ಮೈಕ್ರಾನ್; ಅದು ಚಿಕ್ಕ ಪೂರಿಯಷ್ಟು. ಈರುಳ್ಳಿ ಪೊರೆಯ ಒಂದು ಕೋಶ 300 ಮೈಕ್ರಾನ್ ಹತ್ತಿರ. ಅದು ಒಂದಡಿ ಸ್ಕೇಲಿನ ಉದ್ದ. ಕೊರೊನಾ ವೈರಸ್ 0.1 ಮೈಕ್ರಾನ್, ಇಷ್ಟು ಹಿಗ್ಗಿದ ಮೇಲೂ ಅದು ಕಂಡೂ ಕಾಣದ ಚುಕ್ಕೆ. ಇದೇ ಲೆಕ್ಕದಲ್ಲಿ ನೀವು ಒಂದೂವರೆ ಕಿಲೋಮೀಟರ್ ಎತ್ತರ ಇರುತ್ತೀರಿ.

ಸಾಸಿವೆ ಕಾಳನ್ನೂ ಒಂದಡಿ ಸ್ಕೇಲನ್ನೂ ಒಂದೇ ಗಾತ್ರಕ್ಕೆ ಬರೆದರೆ ಮಕ್ಕಳಿಗೆ ಹೇಗೆ ಅರ್ಥವಾಗಬೇಕು ಹೇಳಿ.

ಗಿಡದ ಕೋಶಕ್ಕೂ ಪ್ರಾಣಿ ಕೋಶಕ್ಕೂ ವ್ಯತ್ಯಾಸ ಏನು? ನಾಳೆ ಟೆಸ್ಟ್ ಇದೆ, ಬೇಗ ಹೇಳಿ.

ಗಿಡದ ಕೋಶಕ್ಕೆ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಭಿತ್ತಿ ಇದೆ, ಪ್ರಾಣಿ ಕೋಶಕ್ಕಿಲ್ಲ. ಗಿಡದ ಹಸಿರು ಭಾಗಗಳಲ್ಲಿ ಕ್ಲೋರೋಪ್ಲಾಸ್ಟ್, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಗುಳಿಗೆ ಇದೆ. ಬೆಳೆದ ಗಿಡದ ಕೋಶದ ನಡುವೆ ದೊಡ್ಡ ರಸದಾನಿ, ಅಂದರೆ ರಸ ತುಂಬಿದ ಚೀಲ ಇರುತ್ತದೆ; ಪ್ರಾಣಿ ಕೋಶದಲ್ಲಿ ಇದ್ದರೂ ಚಿಕ್ಕ ಚಿಕ್ಕವು. ಪ್ರಾಣಿ ಕೋಶದಲ್ಲಿ ಸೆಂಟ್ರಿಯೋಲ್ ಇದೆ, ಹೂಬಿಡುವ ಗಿಡಗಳಲ್ಲಿ ಇಲ್ಲ. ನ್ಯೂಕ್ಲಿಯಸ್, ಶಕ್ತಿ ತೆಗೆಯುವ ಮೈಟೊಕಾಂಡ್ರಿಯ, ಪ್ರೋಟೀನ್ ಕಟ್ಟುವ ರೈಬೋಸೋಮ್, ಗಾಲ್ಗಿ ಎರಡರಲ್ಲೂ ಇವೆ. ಮೈಟೊಕಾಂಡ್ರಿಯ ಪ್ರಾಣಿಗಳಲ್ಲಿ ಮಾತ್ರ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳಬೇಡಿ. ಗಿಡವೂ ಹಗಲೂ ರಾತ್ರಿ ಉಸಿರಾಡುತ್ತದೆ.

ಕೋಳಿ ಮೊಟ್ಟೆ ಒಂದೇ ಕೋಶ ಅಂತಾರಲ್ಲ, ನಿಜಾನಾ?

ಭಾಗಶಃ ನಿಜ. ಕೋಶ ಅನ್ನಬೇಕಾದ್ದು ಹಳದಿ ಭಾಗವನ್ನು. ಅದರ ಮೇಲೆ ಬಿಳಿಯ ಒಂದು ಚಿಕ್ಕ ಬೊಟ್ಟು ಕಾಣುತ್ತದೆ. ನ್ಯೂಕ್ಲಿಯಸ್ಸಿನ ವಸ್ತು ಇರುವುದು ಅಲ್ಲಿ. ಉಳಿದ ಹಳದಿಯೆಲ್ಲ ಮರಿಗೆ ಬೇಕಾದ ಆಹಾರದ ದಾಸ್ತಾನು. ಬಿಳಿ ಲೋಳೆ, ಚಿಪ್ಪು ಕೋಶದ ಭಾಗವಲ್ಲ, ಆಮೇಲೆ ಸುತ್ತಿಕೊಂಡದ್ದು. ಇದೆಲ್ಲ ಅಂಗಡಿಯಲ್ಲಿ ಸಿಗುವ, ಹುಂಜದ ಸಂಬಂಧವಿಲ್ಲದ ಮೊಟ್ಟೆಯ ಮಾತು. ಕಾವಿಗೆ ಕೂರಿಸುವ ಮೊಟ್ಟೆಯಾದರೆ ಕೋಳಿ ಇಡುವ ಹೊತ್ತಿಗೇ ಆ ಬೊಟ್ಟಿನಲ್ಲಿ ಸಾವಿರಾರು ಕೋಶಗಳಾಗಿರುತ್ತವೆ.

ಆನೆಯ ಕೋಶ ಇಲಿಯ ಕೋಶಕ್ಕಿಂತ ದೊಡ್ಡದಿರಬೇಕಲ್ವಾ?

ಇಲ್ಲ. ಯಕೃತ್ತು, ಚರ್ಮ, ರಕ್ತದ ಕೋಶಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚು ಕಡಿಮೆ ಒಂದೇ ಅಳತೆ. ಆನೆಯಲ್ಲಿ ಕೋಶಗಳ ಸಂಖ್ಯೆ ಜಾಸ್ತಿ, ಅಷ್ಟೇ. ನರಕೋಶಗಳ ಉದ್ದ ಮಾತ್ರ ಮೈಯ ಅಳತೆಗೆ ತಕ್ಕಂತೆ ಬದಲಾಗುತ್ತದೆ.

## ಮೈಕ್ರೋಸ್ಕೋಪಿನ ಮುಂದೆ

ಈರುಳ್ಳಿ ಗಿಡದ ಕೋಶ ತಾನೇ? ಮತ್ತೆ ಹಸಿರು ಯಾಕೆ ಕಾಣಲ್ಲ?

ಈರುಳ್ಳಿ ಗೆಡ್ಡೆ ಬೆಳೆಯುವುದು ಮಣ್ಣಿನಲ್ಲಿ. ಅಲ್ಲಿ ಬೆಳಕಿಲ್ಲ, ಹಾಗಾಗಿ ಕ್ಲೋರೋಪ್ಲಾಸ್ಟ್ ಇಟ್ಟುಕೊಂಡು ಪ್ರಯೋಜನವಿಲ್ಲ. ಪೊರೆಯಲ್ಲಿ ನಿಮಗೆ ಕಾಣುವುದು ಉದ್ದುದ್ದ ಕೋಶಗಳ ಸಾಲು, ನಡುವಿನ ಭಿತ್ತಿ, ಅಯೋಡಿನ್ ಹಾಕಿದ ಮೇಲೆ ಬದಿಗೆ ಒತ್ತಿಕೊಂಡ ನ್ಯೂಕ್ಲಿಯಸ್. ಅದು ಬದಿಗೆ ಸರಿದಿರುವುದೇ ರಸದಾನಿ ಇದೆ ಅನ್ನುವುದಕ್ಕೆ ಸಾಕ್ಷಿ. ರಸದಾನಿ ನೇರವಾಗಿ ಕಾಣದಿದ್ದರೂ ಅದು ತಳ್ಳಿದ್ದು ಕಾಣುತ್ತದೆ.

ಕ್ಲೋರೋಪ್ಲಾಸ್ಟ್ ನೋಡಬೇಕಿದ್ದರೆ ಹೈಡ್ರಿಲ್ಲಾ ಎಲೆ ತನ್ನಿ. ಕೆರೆಯಲ್ಲೂ ಸಿಗುತ್ತದೆ, ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ. ಎಲೆ ಎರಡೇ ಪದರ ಕೋಶದಷ್ಟು ತೆಳ್ಳಗಿರುವುದರಿಂದ ಕತ್ತರಿಸುವ ಕೆಲಸವಿಲ್ಲ. ಒಂದು ಎಲೆ ಕಿತ್ತು, ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿದರೆ ಆಯಿತು. ಬಣ್ಣ ಹಾಕಬೇಡಿ. ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹಸಿರು ಗುಳಿಗೆಗಳು ಗೋಡೆಯ ಪಕ್ಕದಲ್ಲೇ ಸುತ್ತುತ್ತಾ ಹೋಗುವುದು ಕಾಣುತ್ತದೆ. ನಡುವೆ ರಸದಾನಿ ತುಂಬಿಕೊಂಡಿರುವುದರಿಂದ ಕೋಶದ್ರವ ಅಂಚಿನಲ್ಲೇ ಹರಿಯುತ್ತದೆ, ಅದರ ಜೊತೆ ಇವೂ ಸಾಗುತ್ತವೆ. ಒಂದೊಂದು ಗುಳಿಗೆ ಸುಮಾರು 5 ಮೈಕ್ರಾನ್.

ಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ಕೋಶದ ಅಳತೆ ತೆಗೆಯೋಕೆ ಆಗುತ್ತಾ?

ಆಗುತ್ತದೆ, ಒಂದು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇದ್ದರೆ ಸಾಕು. ಮೊದಲು 10ಎಕ್ಸ್ ಮಸೂರದ ಕೆಳಗೆ ಸ್ಕೇಲ್ ಇಡಿ. ಮಿಲಿಮೀಟರ್ ಗೆರೆಗಳು ದಪ್ಪ ಪಟ್ಟೆಗಳ ಹಾಗೆ ಕಾಣುತ್ತವೆ. ಬೆಳಕಿನ ವೃತ್ತದ ಒಂದು ತುದಿಗೆ ಒಂದು ಗೆರೆಯ ಅಂಚನ್ನು ತಾಗಿಸಿ, ಇನ್ನೊಂದು ತುದಿಯವರೆಗೆ ಎಷ್ಟು ಮಿಲಿಮೀಟರ್ ಅಂತ ನೋಡಿ. ಸಾಮಾನ್ಯವಾಗಿ 1.8ರ ಹತ್ತಿರ ಬರುತ್ತದೆ. ಈಗ ಸ್ಕೇಲ್ ತೆಗೆದು ಈರುಳ್ಳಿ ಪೊರೆ ಇಡಿ. ಅದೇ ವೃತ್ತದ ಅಡ್ಡಕ್ಕೆ ಆರು ಕೋಶ ಉದ್ದುದ್ದಕ್ಕೆ ಕೂತರೆ ಒಂದೊಂದೂ 0.3 ಮಿಲಿಮೀಟರ್, ಅಂದರೆ 300 ಮೈಕ್ರಾನ್.

40ಎಕ್ಸ್‌ಗೆ ತಿರುಗಿಸಿದರೆ ವೃತ್ತ ನಾಲ್ಕು ಪಟ್ಟು ಕಿರಿದಾಗುತ್ತದೆ, 1.8 ಇದ್ದದ್ದು 0.45 ಮಿಲಿಮೀಟರ್ ಆಗುತ್ತದೆ. ಅಲ್ಲಿ ಸ್ಕೇಲ್ ಇಡುವ ಹರಸಾಹಸ ಬೇಡ, ಮಸೂರ ಗಾಜಿಗೆ ತಾಗಿ ಕೆಟ್ಟೀತು. ಲೆಕ್ಕ ಸಾಕು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಚಿತ್ರದ ಪಕ್ಕ ಈ ಅಳತೆಯನ್ನೂ ಬರೆಯಿರಿ. ಕೇಳುವುದಿಲ್ಲ, ಆದರೂ ಬರೆಯಿರಿ.

ಮೈಟೊಕಾಂಡ್ರಿಯ, ರೈಬೋಸೋಮ್ ಎಷ್ಟು ಫೋಕಸ್ ಮಾಡಿದ್ರೂ ಸಿಗ್ತಿಲ್ಲ. ನಮ್ಮ ಮೈಕ್ರೋಸ್ಕೋಪ್ ಹಾಳಾಗಿದ್ಯಾ?

ಹಾಳಾಗಿಲ್ಲ. ಎಷ್ಟೇ ದುಬಾರಿ ಮಸೂರ ಹಾಕಿದರೂ ಸಾಧಾರಣ ಬೆಳಕಿನಲ್ಲಿ 0.2 ಮೈಕ್ರಾನಿಗಿಂತ ಹತ್ತಿರದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ, ಒಂದಾಗಿ ಕಲಸಿಹೋಗುತ್ತವೆ. ಇದು ಬೆಳಕಿನ ಅಲೆಯ ಅಳತೆಯಿಂದ ಬರುವ ಮಿತಿ. ಜರ್ಮನಿಯ ಅರ್ನ್ಸ್ಟ್ ಅಬೆ 1873ರಲ್ಲೇ ಇದನ್ನು ವಿವರಿಸಿದ್ದರು. ಮೈಟೊಕಾಂಡ್ರಿಯ ಅರ್ಧದಿಂದ ಒಂದು ಮೈಕ್ರಾನ್ ದಪ್ಪ ಇರುವುದರಿಂದ ತಕ್ಕ ಬಣ್ಣ ಹಾಕಿದರೆ ಚುಕ್ಕೆ, ಎಳೆಗಳಾಗಿ ಕಾಣಬಹುದು. ಅದರ ಒಳಗಿನ ಮಡಿಕೆಗಳು ಕಾಣುವುದಿಲ್ಲ. ರೈಬೋಸೋಮ್ 0.02ರಿಂದ 0.03 ಮೈಕ್ರಾನ್. ಅದರ ಆಸೆ ಬಿಟ್ಟುಬಿಡಿ.

ಪುಸ್ತಕದಲ್ಲಿ ಬರುವ ಒಳಚಿತ್ರಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನವು. ಅದನ್ನು 1931ರಲ್ಲಿ ಅರ್ನ್ಸ್ಟ್ ರಸ್ಕ ಮತ್ತು ಮ್ಯಾಕ್ಸ್ ನೋಲ್ ಬರ್ಲಿನ್ನಿನಲ್ಲಿ ಕಟ್ಟಿದರು. ಅದರ ಚಿತ್ರಗಳು ಕಪ್ಪು ಬಿಳುಪು. ನೇರಳೆ ಮೈಟೊಕಾಂಡ್ರಿಯ, ಕಿತ್ತಳೆ ನ್ಯೂಕ್ಲಿಯಸ್ ಎಲ್ಲ ಆಮೇಲೆ ಬಳಿದ ಬಣ್ಣ.

ಮೊಸರಲ್ಲಿ ಬ್ಯಾಕ್ಟೀರಿಯಾ ಇದೆ ಅಂತಾರೆ. ನೋಡಬಹುದಾ?

ನೋಡಬಹುದು. ಮೊಸರಿನ ತಿಳಿನೀರಿನ ಸಣ್ಣ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ಒಣಗಿಸಿ. ಗಾಜನ್ನು ಜ್ವಾಲೆಯ ಮೇಲೆ ಎರಡು ಮೂರು ಸಲ ಹಾಯಿಸಿ, ಮೆಥಿಲೀನ್ ಬ್ಲೂ ಹಾಕಿ, ಒಂದು ನಿಮಿಷ ಬಿಟ್ಟು ತೊಳೆಯಿರಿ. 40ಎಕ್ಸ್‌ನಲ್ಲಿ ನೀಲಿ ಚುಕ್ಕೆಗಳು ಕಾಣುತ್ತವೆ. 100ಎಕ್ಸ್ ಎಣ್ಣೆ ಮಸೂರ ಇದ್ದರೆ ಚಿಕ್ಕ ಕಡ್ಡಿಗಳು, ಮಣಿಸರದ ಹಾಗೆ ಸಾಲಾಗಿ ಕೂತ ಗುಂಡುಗಳು ಸ್ಪಷ್ಟವಾಗುತ್ತವೆ. ಒಳಗಿನ ರಚನೆ ಏನೂ ಕಾಣುವುದಿಲ್ಲ. ಹೋಲಿಸಲು ಪಕ್ಕದಲ್ಲಿ ಬೇಕರಿ ಯೀಸ್ಟ್ ಇಟ್ಟುಕೊಳ್ಳಿ. ಅದು 5 ಮೈಕ್ರಾನಿನಷ್ಟು ದೊಡ್ಡದು. ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಬಿಟ್ಟರೆ ಮೈಮೇಲೆ ಮೊಗ್ಗು ಬಿಡುವುದೂ ಕಾಣುತ್ತದೆ.

ಉಪ್ಪಿನಕಾಯಿಗೆ ಉಪ್ಪು ಹಾಕಿಟ್ಟರೆ ಮಾವಿನಕಾಯಿ ನೀರು ಬಿಡುತ್ತಲ್ಲ, ಅದಕ್ಕೂ ಕೋಶಕ್ಕೂ ಸಂಬಂಧ ಇದೆಯಾ?

ಅದೇ ಸಂಬಂಧ. ಹೊರಗೆ ಉಪ್ಪು ಜಾಸ್ತಿ ಆದಾಗ ಕೋಶದೊಳಗಿನ ನೀರು ಪೊರೆಯನ್ನು ದಾಟಿ ಹೊರಗೆ ಬರುತ್ತದೆ. ರಸದಾನಿ ಕುಗ್ಗುತ್ತದೆ, ಪೊರೆ ಭಿತ್ತಿಯಿಂದ ಕಳಚಿಕೊಳ್ಳುತ್ತದೆ. ಭಿತ್ತಿ ಮಾತ್ರ ಇದ್ದ ಹಾಗೇ ನಿಂತಿರುತ್ತದೆ. ಪಿಯು ಲ್ಯಾಬಿನಲ್ಲಿ ರೋಯೋ ಎಲೆಯ ಕೆಳಗಿನ ನೇರಳೆ ಸಿಪ್ಪೆಗೆ ಉಪ್ಪುನೀರು ಹಾಕಿ ತೋರಿಸುವುದು ಇದನ್ನೇ. ನೇರಳೆ ಬಣ್ಣ ಇರುವುದು ರಸದಾನಿಯಲ್ಲಿ, ಹಾಗಾಗಿ ಅದು ಮುದುಡುವುದು ಚೆನ್ನಾಗಿ ಕಾಣುತ್ತದೆ.

ಇದಕ್ಕೆ ಉಲ್ಟಾ ಪ್ರಯೋಗ ಹೀಗೆ: ರಕ್ತದ ಹನಿಯನ್ನು ಬರೀ ನೀರಿಗೆ ಹಾಕಿದರೆ ನೀರು ಒಳಗೆ ನುಗ್ಗಿ ಕೆಂಪು ಕಣಗಳು ಒಡೆದುಹೋಗುತ್ತವೆ. ಗಿಡದ ಕೋಶ ಹಾಗೆ ಒಡೆಯುವುದಿಲ್ಲ, ಭಿತ್ತಿ ತಡೆಯುತ್ತದೆ. ಬಾಡಿದ ಕೊತ್ತಂಬರಿಯನ್ನು ನೀರಿನಲ್ಲಿಟ್ಟರೆ ಮತ್ತೆ ನೆಟ್ಟಗಾಗುವುದು ಈ ಭಿತ್ತಿಯ ಬಲದಿಂದಲೇ.

## ಸೂಕ್ಷ್ಮಜೀವಿಗಳು

ಬ್ಯಾಕ್ಟೀರಿಯಾ, ಯೀಸ್ಟ್, ಅಮೀಬಾ ಎಲ್ಲವೂ ಸೂಕ್ಷ್ಮಜೀವಿ ತಾನೇ? ರಚನೆಯೂ ಒಂದೇನಾ?

ಅಲ್ಲವೇ ಅಲ್ಲ. ಸೂಕ್ಷ್ಮಜೀವಿ ಅನ್ನುವುದು ಗಾತ್ರದ ಲೆಕ್ಕ, ರಚನೆಯ ಲೆಕ್ಕವಲ್ಲ. ಯೀಸ್ಟ್, ಅಮೀಬಾ, ಪ್ಯಾರಮೀಸಿಯಂಗಳಲ್ಲಿ ನ್ಯೂಕ್ಲಿಯಸ್ ಇದೆ, ಮೈಟೊಕಾಂಡ್ರಿಯ ಇದೆ. ಒಳಗಿನ ವ್ಯವಸ್ಥೆ ನೋಡಿದರೆ ಅವು ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರ. ಅಮೀಬಾ ಅರ್ಧ ಮಿಲಿಮೀಟರ್‌ವರೆಗೂ ಇರಬಹುದು, ಅಂದರೆ ಇ. ಕೋಲೈಗಿಂತ ಇನ್ನೂರೈವತ್ತು ಪಟ್ಟು ಉದ್ದ. ನ್ಯೂಕ್ಲಿಯಸ್ ಇಲ್ಲದವುಗಳಲ್ಲೂ ಎರಡು ಗುಂಪು ಇವೆ. ಬ್ಯಾಕ್ಟೀರಿಯಾದ ಹಾಗೇ ಕಾಣುವ ಆರ್ಕಿಯಾಗಳು ಬೇರೆಯೇ ವಂಶ ಅಂತ 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ತೋರಿಸಿಕೊಟ್ಟರು.

ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯ ಇಲ್ಲ. ಹಾಗಾದ್ರೆ ಬ್ಯಾಕ್ಟೀರಿಯಾ ಒಳಗೆ ಖಾಲಿನಾ?

ಖಾಲಿ ಅಲ್ಲ, ಕಿಕ್ಕಿರಿದಿದೆ. ಇ. ಕೋಲೈಯ ಡಿಎನ್‌ಎಯನ್ನು ಬಿಡಿಸಿ ನೇರ ಮಾಡಿದರೆ ಒಂದೂವರೆ ಮಿಲಿಮೀಟರ್ ಉದ್ದ ಬರುತ್ತದೆ. ಅದು ಎರಡು ಮೈಕ್ರಾನಿನ ಕೋಶದೊಳಗೆ ಸುತ್ತಿ ಮಡಚಿ ಕೂತಿದೆ. ಚುರುಕಾಗಿ ಬೆಳೆಯುವಾಗ ಹತ್ತಾರು ಸಾವಿರ ರೈಬೋಸೋಮ್‌ಗಳಿರುತ್ತವೆ. ಹೊರಗೆ ಪೊರೆ, ಅದರ ಮೇಲೆ ಪೆಪ್ಟಿಡೋಗ್ಲೈಕಾನ್ ಭಿತ್ತಿ. ಕೆಲವಕ್ಕೆ ಈಜಲು ಬಾಲವೂ ಇರುತ್ತದೆ. ನಮ್ಮಲ್ಲಿ ಮೈಟೊಕಾಂಡ್ರಿಯ ಮಾಡುವ ಶಕ್ತಿ ತೆಗೆಯುವ ಕೆಲಸವನ್ನು ಇಲ್ಲಿ ಕೋಶಪೊರೆಯೇ ಮಾಡಿಕೊಳ್ಳುತ್ತದೆ.

ವೈರಸ್ ಕೂಡ ಒಂದು ಕೋಶನಾ?

ಅಲ್ಲ. ಒಂದಿಷ್ಟು ಡಿಎನ್‌ಎ ಅಥವಾ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನಿನ ಹೊದಿಕೆ. ರೈಬೋಸೋಮ್ ಇಲ್ಲ, ತಾನೇ ಏನನ್ನೂ ತಯಾರಿಸಿಕೊಳ್ಳಲಾರದು. ಗಾತ್ರ ನೋಡಿ ಇದನ್ನು ನಿರ್ಧರಿಸಬೇಡಿ. 2003ರಲ್ಲಿ ಗುರುತಿಸಿದ ಮಿಮಿವೈರಸ್ ಕೆಲವು ಬ್ಯಾಕ್ಟೀರಿಯಾಗಳಿಗಿಂತ ದೊಡ್ಡದು. ಆದರೂ ಅದು ಕೋಶವಲ್ಲ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾನ ಕೊಲ್ಲುತ್ತೆ, ನಮ್ಮ ಕೋಶಗಳನ್ನು ಯಾಕೆ ಬಿಡುತ್ತೆ?

ಎರಡರ ರಚನೆ ಬೇರೆ ಇರುವುದಕ್ಕೇ ಬಿಡುತ್ತದೆ. ಪೆನಿಸಿಲಿನ್ ಪೆಪ್ಟಿಡೋಗ್ಲೈಕಾನ್ ಭಿತ್ತಿ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ನಮ್ಮ ಕೋಶಕ್ಕೆ ಭಿತ್ತಿಯೇ ಇಲ್ಲ, ಕೆಡಿಸಲು ಏನಿದೆ? ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಳ್ಳುತ್ತವೆ. ಅದು ನಮ್ಮ ರೈಬೋಸೋಮಿಗಿಂತ ಚಿಕ್ಕದು, ಆಕಾರವೂ ಬೇರೆ. ವೈರಸ್ಸಿಗೆ ಭಿತ್ತಿಯೂ ಇಲ್ಲ, ರೈಬೋಸೋಮೂ ಇಲ್ಲ. ನೆಗಡಿಗೆ ಆಂಟಿಬಯೋಟಿಕ್ ನುಂಗುವುದು ಸುಮ್ನೆ ದಂಡ.

## ಇನ್ನೂ ಸ್ವಲ್ಪ ಆಳಕ್ಕೆ

ಕೋಶ ಒಡೆದು ಎರಡಾಗೋದು ಯಾಕೆ? ಹಾಗೇ ದೊಡ್ಡದಾಗಿ ಬೆಳೆಯಬಹುದಲ್ಲ?

ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದು. ಕೋಶ ಒಂದು ಘನಾಕಾರದ ಡಬ್ಬಿ ಅಂದುಕೊಳ್ಳಿ. ಬದಿ 1 ಮೈಕ್ರಾನ್ ಇದ್ದರೆ ಮೇಲ್ಮೈ 6 ಚದರ ಮೈಕ್ರಾನ್, ಒಳಗಿನ ಗಾತ್ರ 1 ಘನ ಮೈಕ್ರಾನ್. ಒಳಗಿನ ಒಂದು ಪಾಲಿಗೆ ಆರು ಪಾಲು ಪೊರೆ ಸಿಕ್ಕಿತು. ಬದಿಯನ್ನು 10 ಮೈಕ್ರಾನ್ ಮಾಡಿ. ಮೇಲ್ಮೈ 600, ಗಾತ್ರ 1000. ಈಗ ಒಂದು ಪಾಲಿಗೆ ಸಿಗುವುದು 0.6 ಮಾತ್ರ. ಆಹಾರ, ಆಮ್ಲಜನಕ ಒಳಗೆ ಬರುವುದೂ ಕಸ ಹೊರಗೆ ಹೋಗುವುದೂ ಪೊರೆಯ ಮೂಲಕವೇ. ಕೋಶ ಹಿಗ್ಗಿದಷ್ಟೂ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು ಅನ್ನುವ ಸ್ಥಿತಿ.

ಎರಡನೇ ತೊಂದರೆ ದೂರದ್ದು. ಕೋಶದೊಳಗೆ ಅಣುಗಳು ಅಡ್ಡಾದಿಡ್ಡಿ ಅಲೆಯುತ್ತಾ ಹರಡುತ್ತವೆ. ಹೀಗೆ ಹರಡುವಾಗ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಒಂದೆರಡು ಮೈಕ್ರಾನಿನ ಬ್ಯಾಕ್ಟೀರಿಯಾಕ್ಕೆ ಇದು ಲೆಕ್ಕಕ್ಕೇ ಇಲ್ಲ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಎಲ್ಲ ಕಡೆ ತಲುಪಿರುತ್ತದೆ. ಅದಕ್ಕೇ ಅದಕ್ಕೆ ಒಳಗೆ ಕೋಣೆಗಳ ಅಗತ್ಯ ಅಷ್ಟಾಗಿ ಬೀಳಲಿಲ್ಲ. ನಮ್ಮ ಕೋಶ ಹತ್ತಿಪ್ಪತ್ತು ಪಟ್ಟು ದೊಡ್ಡದು. ಹಾಗಾಗಿ ಒಳಗೆ ಪೊರೆಗಳ ಜಾಲ, ಸಾಗಿಸಲು ಪ್ರೋಟೀನಿನ ಎಳೆಗಳು ಎಲ್ಲ ಬೇಕಾದವು. ಗಾತ್ರ ಮತ್ತು ರಚನೆಯನ್ನು ಬೇರೆ ಬೇರೆ ಪಾಠ ಮಾಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ಮೀಟರ್ ಉದ್ದದ ನರಕೋಶ, ಕಣ್ಣಿಗೆ ಕಾಣೋ ಬ್ಯಾಕ್ಟೀರಿಯಾ ಇವೆಯಂತೆ. ಮೇಲಿನ ಲೆಕ್ಕ ಸುಳ್ಳಾಯ್ತಲ್ಲ?

ಸುಳ್ಳಾಗಿಲ್ಲ, ಅವು ಲೆಕ್ಕದಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿಕೊಂಡಿವೆ. ಸೊಂಟದ ಹತ್ತಿರದಿಂದ ಪಾದದವರೆಗೆ ಹೋಗುವ ನರಕೋಶದ ಎಳೆ ಉದ್ದ ಇದ್ದರೂ ದಪ್ಪ ಕೆಲವೇ ಮೈಕ್ರಾನ್. ಎಲ್ಲಿ ನೋಡಿದರೂ ಪೊರೆ ಹತ್ತಿರದಲ್ಲೇ ಇರುತ್ತದೆ. ಸಾಮಾನು ಸಾಗಿಸಲು ಮೋಟಾರ್ ಪ್ರೋಟೀನ್‌ಗಳಿವೆ. ಅವುಗಳ ವೇಗದ ಸಾಗಣೆ ದಿನಕ್ಕೆ 40 ಸೆಂಟಿಮೀಟರ್‌ವರೆಗೆ. ಅಂದರೆ ಬುಡದಿಂದ ತುದಿಗೆ ಎರಡು ಮೂರು ದಿನ ಬೇಕು.

ಬ್ಯಾಕ್ಟೀರಿಯಾಗಳಲ್ಲಿ ಥಿಯೋಮಾರ್ಗರಿಟಾ ಅನ್ನುವ ಕುಲ ನೋಡಿ. 1997ರಲ್ಲಿ ನಮೀಬಿಯಾದ ಕಡಲತಳದಲ್ಲಿ ಸಿಕ್ಕ ಜಾತಿ 0.75 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಅದರ ಒಳಗಿನ ಬಹುಪಾಲು ಜಾಗ ನೈಟ್ರೇಟ್ ತುಂಬಿದ ಚೀಲ. ಜೀವಂತ ಭಾಗ ಅಂಚಿನ ತೆಳು ಪದರ ಮಾತ್ರ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ಕಾಡಿನಲ್ಲಿ, ನೀರಿಗೆ ಬಿದ್ದ ಎಲೆಗಳ ಮೇಲೆ ಸಿಕ್ಕ ಇನ್ನೊಂದು ಜಾತಿಯ ವಿವರ 2022ರಲ್ಲಿ ಪ್ರಕಟವಾಯಿತು. ಅದು ಬಿಳಿ ದಾರದ ತುಂಡಿನ ಹಾಗಿದೆ, ಸರಾಸರಿ ಒಂದು ಸೆಂಟಿಮೀಟರ್ ಉದ್ದ. ಅದರಲ್ಲಿ ಡಿಎನ್‌ಎ ಪೊರೆ ಸುತ್ತಿದ ಪುಟ್ಟ ಪೊಟ್ಟಣಗಳಲ್ಲಿದೆ. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಗೆ ಪೊರೆ ಇರುವುದಿಲ್ಲ ಅನ್ನುವ ಪುಸ್ತಕದ ಸಾಲನ್ನು ಇನ್ನು ಸ್ವಲ್ಪ ತಿದ್ದಬೇಕು.

ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿತ್ತಂತೆ, ಹೌದಾ?

ಹೌದು, ಈಗ ಎಲ್ಲರೂ ಒಪ್ಪಿರುವ ವಿಚಾರ ಅದು. ಲಿನ್ ಮಾರ್ಗ್ಯುಲಿಸ್ 1967ರಲ್ಲಿ ಈ ವಾದವನ್ನು ಮುಂದಿಟ್ಟಾಗ ಬಹಳ ಜನ ನಂಬಲಿಲ್ಲ. ಸಾಕ್ಷಿಗಳು ಒಂದೊಂದಾಗಿ ಬಂದವು. ಮೈಟೊಕಾಂಡ್ರಿಯಕ್ಕೆ ಸ್ವಂತ ಡಿಎನ್‌ಎ ಇದೆ, ಅದೂ ಬ್ಯಾಕ್ಟೀರಿಯಾದ ಹಾಗೆ ಉಂಗುರದ ಆಕಾರ. ಮನುಷ್ಯರಲ್ಲಿ ಅದರಲ್ಲಿ 37 ಜೀನ್‌ಗಳಿವೆ. ಎರಡು ಪದರ ಪೊರೆ ಇದೆ. ರೈಬೋಸೋಮ್ ಬ್ಯಾಕ್ಟೀರಿಯಾ ಮಾದರಿಯದು. ಇರುವುದು ಒಡೆದೇ ಹೊಸದು ಹುಟ್ಟುತ್ತದೆ, ಕೋಶ ಅದನ್ನು ಮೊದಲಿಂದ ಕಟ್ಟಲಾರದು. ಗಾತ್ರ ಕೂಡ ಒಂದು ಬ್ಯಾಕ್ಟೀರಿಯಾದಷ್ಟೇ. ಕ್ಲೋರೋಪ್ಲಾಸ್ಟಿನ ಕಥೆಯೂ ಇದೇ, ಅದರ ಮೂಲ ಸಯನೋಬ್ಯಾಕ್ಟೀರಿಯಾ.

ನಮ್ಮ ಮೈಯಲ್ಲಿ ನಮ್ಮ ಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆ ಅಂತ ಓದಿದ್ದೆ. ಸರೀನಾ?

ಹಳೆಯ ಲೆಕ್ಕ ಅದು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಜೊತೆಗಾರರು ಮತ್ತೆ ಲೆಕ್ಕ ಹಾಕಿದರು. 70 ಕಿಲೋ ತೂಕದ ಗಂಡಸಿನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಕೋಶಗಳು, 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ಹೆಚ್ಚು ಕಡಿಮೆ ಸಮ ಸಮ. ಆದರೆ ಅಷ್ಟೂ ಬ್ಯಾಕ್ಟೀರಿಯಾ ಸೇರಿದರೂ ಕಾಲು ಕಿಲೋ ತೂಗುವುದಿಲ್ಲ. ಸ್ವಂತ ಕೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಕೆಂಪು ರಕ್ತಕಣಗಳು. ಅವುಗಳಲ್ಲಿ ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯವೂ ಇಲ್ಲ. ಹಿಮೋಗ್ಲೋಬಿನ್‌ಗೆ ಜಾಗ ಮಾಡಿಕೊಟ್ಟು 120 ದಿನ ದುಡಿದು ಸಾಯುತ್ತವೆ. ಪುಸ್ತಕದ ಮಾದರಿ ಪ್ರಾಣಿ ಕೋಶ ನಮ್ಮ ಮೈಯಲ್ಲೇ ಅಲ್ಪಸಂಖ್ಯಾತ ಅನ್ನಿ.

ಕೋಶ ಎಷ್ಟು ಚಿಕ್ಕದಾಗಬಹುದು? ಕೊನೆ ಮಿತಿ ಇದೆಯಾ?

ಇದೆ. ಡಿಎನ್‌ಎ, ಅದನ್ನು ಓದಿ ಪ್ರೋಟೀನ್ ಮಾಡಲು ಒಂದಿಷ್ಟು ರೈಬೋಸೋಮ್, ಸುತ್ತ ಪೊರೆ, ಇಷ್ಟಾದರೂ ಹಿಡಿಸಬೇಕು. ರೈಬೋಸೋಮ್ ಕುಗ್ಗುವುದಿಲ್ಲ. ಹಾಗಾಗಿ 0.2 ಮೈಕ್ರಾನ್ ಹತ್ತಿರ ಮಿತಿ ಬಂದುಬಿಡುತ್ತದೆ. ಮೈಕೋಪ್ಲಾಸ್ಮಾಗಳು ಅಲ್ಲೇ ಇವೆ, 0.2ರಿಂದ 0.3 ಮೈಕ್ರಾನ್. ಅವಕ್ಕೆ ಭಿತ್ತಿ ಇಲ್ಲ, ಪೆನಿಸಿಲಿನ್ ಅವುಗಳ ಮೇಲೆ ನಡೆಯುವುದಿಲ್ಲ. ಮೆತ್ತಗಿರುವುದರಿಂದ ಲ್ಯಾಬಿನಲ್ಲಿ ದ್ರಾವಣ ಶುದ್ಧ ಮಾಡಲು ಬಳಸುವ 0.22 ಮೈಕ್ರಾನ್ ಫಿಲ್ಟರಿನ ರಂಧ್ರದಿಂದಲೂ ನುಸುಳಿಕೊಂಡು ಬರಬಲ್ಲವು.

ಒಂದು ಕೋಶಕ್ಕೆ ಕನಿಷ್ಠ ಏನು ಬೇಕು ಅಂತ ನೋಡಲು ಅಮೆರಿಕದ ಕ್ರೇಗ್ ವೆಂಟರ್ ತಂಡ ಮೈಕೋಪ್ಲಾಸ್ಮಾ ಒಂದರ ಜೀನ್‌ಗಳನ್ನು ಕಳೆಯುತ್ತಾ ಹೋಯಿತು. 2016ರಲ್ಲಿ 473 ಜೀನ್‌ಗಳಿಗೆ ಬಂದು ನಿಂತರು. ಅದು ಬದುಕಿತು, ಒಡೆದು ಎರಡಾಯಿತು. ಆ 473ರಲ್ಲಿ 149 ಜೀನ್‌ಗಳು ಏನು ಕೆಲಸ ಮಾಡುತ್ತವೆ ಅನ್ನುವುದು ಕೋಶವನ್ನು ಕಟ್ಟಿದವರಿಗೂ ಆಗ ಗೊತ್ತಿರಲಿಲ್ಲ.